ತಲೆ ಹಿಡಿಯಲು ಒಬ್ಬರು ಬೇಕು

ಜನವರಿಯ ಒಂದು ಬೆಳಗ್ಗೆ ಚಾಣಕ್ಯಪುರಿಯ ನೆಹರೂ ಪಾರ್ಕಿನ ಕಡೆ ನಡೆದು ಹೋಗುತ್ತಿದ್ದೆ. ಮಂಜು ಇನ್ನೂ ಕರಗಿರಲಿಲ್ಲ. ವಿನಯ ಮಾರ್ಗದ ಕಡೆಯ ವೃತ್ತದ ಹತ್ತಿರ ಬ್ರೇಕ್ ಕಿರುಗುಟ್ಟಿದ ಸದ್ದು, ಅದರ ಹಿಂದೆಯೇ ತಗಡು ರಸ್ತೆಗೆ ಉಜ್ಜಿದ ಸದ್ದು ಕೇಳಿತು. ಮನೆಮನೆಗೆ ಊಟ ತಲುಪಿಸುವ ಹುಡುಗನೊಬ್ಬ ಬೈಕಿನಿಂದ ಹಾರಿ ವೃತ್ತದ ಕಟ್ಟೆಗೆ ಬಡಿದು ಬಿದ್ದಿದ್ದ. ಹೆಲ್ಮೆಟ್ ತಲೆಯ ಮೇಲೇ ಇತ್ತು. ನಾನು ಓಡಿ ತಲುಪುವಷ್ಟರಲ್ಲಿ ಆರೇಳು ಮಂದಿ ಸೇರಿಬಿಟ್ಟಿದ್ದರು. ದೂತಾವಾಸವೊಂದರ ಗೇಟಿನ ಕಾವಲುಗಾರ, ಹಾಲಿನ ಬೂತಿನವನು, ನನ್ನ ಹಾಗೆ ವಾಕಿಂಗಿಗೆ ಬಂದಿದ್ದ ಇಬ್ಬರು ಹಿರಿಯರು. ಎಲ್ಲರೂ ಒಳ್ಳೆಯವರೇ. ಒಬ್ಬ ಹೆಲ್ಮೆಟ್ ಹಿಡಿದು ಎಳೆಯುತ್ತಿದ್ದ. ಒಬ್ಬ ಕಂಕುಳಿಗೆ ಕೈ ಹಾಕಿ ಕೂರಿಸಲು ನೋಡುತ್ತಿದ್ದ. ಇನ್ನೊಬ್ಬ ಬಾಟಲಿಯ ಮುಚ್ಚಳ ತೆಗೆದು ನೀರು ಕುಡಿಸಲು ಬಗ್ಗಿದ್ದ.

ಬಿಡಿ, ಮುಟ್ಟಬೇಡಿ, ನಾನು ಡಾಕ್ಟರ್ ಎಂದು ಕೂಗಿದೆ. ಹುಡುಗ ಉಸಿರಾಡುತ್ತಿದ್ದ, ಆದರೆ ಆ ಉಸಿರಿನಲ್ಲಿ ಗೊರಕೆ ಹೊಡೆದಂಥ ಗೊರಗೊರ ಸದ್ದಿತ್ತು. ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಕಟ್ಟುತ್ತಿದೆ ಎನ್ನುವುದಕ್ಕೆ ಅದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ. ನಾನು ಅವನ ಪಕ್ಕ ಮಂಡಿಯೂರಿ ಒಂದು ಕೈಯಲ್ಲಿ ದವಡೆ, ಇನ್ನೊಂದು ಕೈಯಲ್ಲಿ ಹೆಡತಲೆ ಹಿಡಿದೆ. ಕಾವಲುಗಾರ ನಾನು ಹೇಳಿದಂತೆ ಹೆಲ್ಮೆಟ್ಟಿನ ಎರಡೂ ಅಂಚನ್ನು ಅಗಲಿಸಿ ನಿಧಾನವಾಗಿ, ನೇರವಾಗಿ ಎಳೆದ. ಆಮೇಲೆ ತಲೆಯ ಹಿಂದೆ ಹೋಗಿ ಕೂತು ಎರಡೂ ಅಂಗೈಯಲ್ಲಿ ತಲೆ ಹಿಡಿದು, ಕಿವಿಯ ಕೆಳಗೆ ದವಡೆಯ ಮೂಲೆಗೆ ಬೆರಳು ಕೊಟ್ಟು ಎತ್ತಿದೆ. ಎತ್ತಿದ್ದು ದವಡೆಯನ್ನು ಮಾತ್ರ, ತಲೆಯನ್ನಲ್ಲ. ಗೊರಗೊರ ನಿಂತಿತು. ಆಂಬುಲೆನ್ಸ್ ಬರುವವರೆಗೆ ಹಾಗೇ ಕೂತಿದ್ದೆ. ಬೆರಳು ಮರಗಟ್ಟಿದವು. ರಸ್ತೆಯ ಚಳಿ ಮಂಡಿಯಿಂದ ಮೇಲೆ ಹತ್ತಿತು. ಬಿಡುವಂತಿರಲಿಲ್ಲ.

ಆ ಹುಡುಗನ ಕುತ್ತಿಗೆಯ ಐದನೆಯ ಮೂಳೆ ಮುರಿದಿತ್ತು. ಬೆನ್ನುಹುರಿಗೆ ಪೆಟ್ಟಾಗಿರಲಿಲ್ಲ. ಆಪರೇಷನ್ ಆಯಿತು, ಈಗ ನಡೆಯುತ್ತಾನೆ. ನಾನು ಅವನನ್ನು ಉಳಿಸಿದೆ ಎನ್ನಲು ಇದನ್ನು ಬರೆಯುತ್ತಿಲ್ಲ. ನಾನು ಮಾಡಿದ್ದರಲ್ಲಿ ಔಷಧಿ ಇರಲಿಲ್ಲ, ಉಪಕರಣ ಇರಲಿಲ್ಲ. ಹಾಲಿನ ಬೂತಿನವನಿಗೂ ಹತ್ತು ನಿಮಿಷದಲ್ಲಿ ಕಲಿಸಬಹುದಾದ ಕೆಲಸ ಅದು. ನಾವು ಅವನಿಗೆ ಕಲಿಸಿಲ್ಲ, ನನ್ನ ತಕರಾರು ಇಷ್ಟೆ.

ನಾನು ಅರಿವಳಿಕೆ ವೈದ್ಯೆ. ಇಪ್ಪತ್ತೆರಡು ವರ್ಷದಿಂದ ದೆಹಲಿಯಲ್ಲಿದ್ದೇನೆ. ಆಪರೇಷನ್ನಿಗೆ ಮುಂಚೆ ನಿದ್ದೆ ಬರಿಸುವವರು ಎಂದಷ್ಟೇ ಜನ ನಮ್ಮನ್ನು ತಿಳಿದಿರುತ್ತಾರೆ. ನಮ್ಮ ಕೆಲಸದ ಹೃದಯ ಇರುವುದು ಉಸಿರಿನ ದಾರಿಯಲ್ಲಿ. ಪ್ರಜ್ಞೆ ತಪ್ಪಿದವರ ಬಾಯಿ ತೆರೆದು, ಧ್ವನಿತಂತುಗಳ ನಡುವೆ ಶ್ವಾಸನಾಳಕ್ಕೆ ಕೊಳವೆ ಇಳಿಸಿ, ಅವರ ಪರವಾಗಿ ಯಂತ್ರ ಉಸಿರಾಡುವಂತೆ ಮಾಡುವುದು. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತ ಸಂಬಂಧಿಕರು ‘ಟ್ಯೂಬ್ ಹಾಕಿದ್ರಂತೆ’ ಎಂದು ಫೋನಿನಲ್ಲಿ ಹೇಳುವುದು ಇದನ್ನೇ. ಸಾಮಾನ್ಯವಾಗಿ ಈ ಕೆಲಸಕ್ಕೆ ತಲೆಯನ್ನು ಹಿಂದಕ್ಕೆ ಬಾಗಿಸಬೇಕು. ಆಗ ಬಾಯಿ, ಗಂಟಲು, ಶ್ವಾಸನಾಳ ನೋಟಕ್ಕೆ ಹತ್ತಿರ ಹತ್ತಿರ ಒಂದೇ ಸಾಲಿಗೆ ಬರುತ್ತವೆ. ಕುತ್ತಿಗೆಯ ಮೂಳೆ ಮುರಿದು ಸಡಿಲವಾದವರಲ್ಲಿ ಮಾಡಬಾರದ್ದು ಅದನ್ನೇ. ಮಾಡದಿದ್ದರೆ ದಾರಿ ಕಾಣುವುದಿಲ್ಲ, ದಾರಿ ಕಾಣದಿದ್ದರೆ ಉಸಿರಿಲ್ಲ. ನನ್ನ ವೃತ್ತಿಯಲ್ಲಿ ಇದಕ್ಕಿಂತ ಇಕ್ಕಟ್ಟಿನ ಗಳಿಗೆ ಕಡಿಮೆ.

ಕುತ್ತಿಗೆಯಲ್ಲಿ ಏಳು ಮೂಳೆಗಳು. ಅವುಗಳ ನಡುವೆ ಕಿರುಬೆರಳಿನ ದಪ್ಪದ ಬೆನ್ನುಹುರಿ ಇಳಿಯುತ್ತದೆ. ಮೂರು, ನಾಲ್ಕು, ಐದನೆಯ ನರಗಳ ಬೇರಿನಿಂದ ಹೊರಟ ನರ ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಯನ್ನು ಆಡಿಸುತ್ತದೆ. ವಪೆ ಆಡಿದರೆ ಉಸಿರು. ಪೆಟ್ಟು ಇದಕ್ಕಿಂತ ಮೇಲೆ ಬಿದ್ದರೆ ಮನುಷ್ಯ ಬಿದ್ದಲ್ಲೇ ಉಸಿರು ನಿಲ್ಲಿಸುತ್ತಾನೆ. ಕೆಳಗೆ ಬಿದ್ದರೆ ವಪೆ ಆಡುತ್ತದೆ, ಆದರೆ ಎದೆಯ ಸ್ನಾಯುಗಳು ಕೈಕೊಡುತ್ತವೆ. ಕೆಮ್ಮಲಾಗುವುದಿಲ್ಲ, ಕಫ ಕಟ್ಟುತ್ತದೆ. ಬೆನ್ನುಹುರಿಯ ಬಾವು ಒಂದೆರಡು ದಿನದಲ್ಲಿ ಮೇಲಕ್ಕೇರಿದರೆ ಮೊದಲ ದಿನ ಮಾತಾಡುತ್ತಿದ್ದವರು ಮೂರನೆಯ ದಿನ ಉಸಿರಿಗೆ ಪರದಾಡುತ್ತಾರೆ. ‘ನಿನ್ನೆ ಚೆನ್ನಾಗಿ ಮಾತಾಡ್ತಿದ್ರು’ ಎಂದು ಮನೆಯವರು ಕಂಗಾಲಾಗುವುದು ಆಗ.

ಇದನ್ನು ನಾನು ಪುಸ್ತಕದಲ್ಲಿ ಓದುವುದಕ್ಕೆ ಬಹಳ ಮೊದಲು ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಕಂಡೆ. ನನಗೆ ಹತ್ತು ವರ್ಷ. ಅಡಿಕೆ ಕೊನೆ ಕೊಯ್ಲಿನ ಕಾಲ. ಪ್ರತಿ ವರ್ಷ ನಮ್ಮಲ್ಲಿಗೆ ಬರುತ್ತಿದ್ದ ಕೊನೆಗಾರ ಮರದಿಂದ ಮರಕ್ಕೆ ದಾಟುವಾಗ ಒಂದು ಮರ ಮುರಿದು ಕೆಳಗೆ ಬಿದ್ದ. ಬಿದ್ದವನು ಕಣ್ಣು ಬಿಟ್ಟಿದ್ದ. ಎಡಗೈ ಎತ್ತಿ ಏನೋ ತೋರಿಸಿದ, ಅದನ್ನು ನಾನೇ ನೋಡಿದ್ದೇನೆ. ಅಪ್ಪ, ಚಿಕ್ಕಪ್ಪ, ಆಳುಗಳು ಎಲ್ಲ ಓಡಿ ಬಂದರು. ಕಂಬಳಿ ತಂದರು. ಇಬ್ಬರು ತೋಳು ಹಿಡಿದರು, ಇಬ್ಬರು ಕಾಲು ಹಿಡಿದರು, ಕಂಬಳಿಗೆ ಹಾಕಿದರು. ಸಂಕ ದಾಟಿ, ದರೆ ಹತ್ತಿ, ಜೀಪಿನವರೆಗೆ ಕಂಬಳಿಯಲ್ಲಿ ಹೊತ್ತರು. ಅಷ್ಟು ದೂರವೂ ತಲೆ ಕಂಬಳಿಯ ಅಂಚಿನಿಂದ ಹೊರಗೆ ತೂಗುತ್ತಿತ್ತು. ತಲೆ ಹಿಡಿಯಬೇಕು ಎಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಆಸ್ಪತ್ರೆ ಮುಟ್ಟುವಾಗ ಆ ಎಡಗೈ ಏಳುತ್ತಿರಲಿಲ್ಲ. ಎರಡನೆಯ ದಿನ ರಾತ್ರಿ ಉಸಿರು ಸೋತಿತು.

ಬಿದ್ದಾಗಲೇ ಆದ ಪೆಟ್ಟೋ, ಹೊತ್ತಾಗ ಆದದ್ದೋ ಎಂದು ಹೇಳಲು ನನ್ನಿಂದ ಆಗುವುದಿಲ್ಲ. ಅಪ್ಪ ಸಾಯುವವರೆಗೂ ಆ ಜೀಪಿನ ಪ್ರಯಾಣದ ಬಗ್ಗೆ ಮಾತಾಡಲಿಲ್ಲ. ನಾನು ವೈದ್ಯೆಯಾದ ಮೇಲೆ ಒಂದೇ ಒಂದು ಸಲ ಕೇಳಿದರು: ‘ನಾವು ಎತ್ತಿದ್ದು ತಪ್ಪಾಯ್ತೇನೆ?’ ನಾನು ಇಲ್ಲ ಅಪ್ಪ ಎಂದೆ. ಎತ್ತಿದ್ದು ತಪ್ಪಲ್ಲ. ಅಲ್ಲೇ ಬಿಟ್ಟಿದ್ದರೆ ತೋಟದಲ್ಲೇ ಹೋಗುತ್ತಿದ್ದ. ಐದನೆಯವರು ಒಬ್ಬರು ತಲೆ ಹಿಡಿದುಕೊಳ್ಳಬೇಕಿತ್ತು.

ಕುತ್ತಿಗೆ ಮುರಿಯುವ ದಾರಿಗಳು ಹಲವು: ಮಲೆನಾಡಿನಲ್ಲಿ ಅಡಿಕೆ ಮರ, ಕರಾವಳಿಯಲ್ಲಿ ತೆಂಗಿನ ಮರ, ಬಯಲುಸೀಮೆಯಲ್ಲಿ ನೀರಿನ ಆಳ ನೋಡದೆ ಬಾವಿಗೆ ತಲೆಕೆಳಗಾಗಿ ಹಾರುವ ಹುಡುಗರು, ಪಟ್ಟಣದಲ್ಲಿ ಕಟ್ಟಡದ ಸಾರುವೆ. ಎಲ್ಲ ಕಡೆಯೂ ಇರುವುದು ರಸ್ತೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಸೀಟ್ ಬೆಲ್ಟ್ ಹಾಕಿರದವರು 16,715. ಆ ಸಂಖ್ಯೆಯಲ್ಲಿ ಚಾಲಕರು ಅರ್ಧ, ಪ್ರಯಾಣಿಕರು ಅರ್ಧ: 8,384 ಮತ್ತು 8,331. ಗಾಡಿ ಓಡಿಸುವವನು ಬೆಲ್ಟ್ ಹಾಕಿದರೆ ಸಾಕು, ನಾವು ಹಿಂದೆ ಕೂತವರು ತಾನೇ ಎನ್ನುವ ನಂಬಿಕೆಗೆ ಆ ಎರಡನೆಯ ಸಂಖ್ಯೆ ಉತ್ತರ ಕೊಡುತ್ತದೆ.

ಈ ನಂಬಿಕೆ ಮಂತ್ರಿಗಳನ್ನೂ ಬಿಟ್ಟಿಲ್ಲ. 2014ರ ಜೂನ್ 3ರ ಬೆಳಗ್ಗೆ ಗೋಪಿನಾಥ ಮುಂಡೆ ವಿಮಾನ ನಿಲ್ದಾಣಕ್ಕೆ ಹೊರಟಿದ್ದರು. ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವರಾಗಿ ಪ್ರಮಾಣವಚನ ಸ್ವೀಕರಿಸಿ ಎಂಟು ದಿನವಾಗಿತ್ತು ಅಷ್ಟೆ. ಚಾಣಕ್ಯಪುರಿಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಪೃಥ್ವಿರಾಜ್ ರಸ್ತೆ ಮತ್ತು ತುಘಲಕ್ ರಸ್ತೆ ಸೇರುವಲ್ಲಿ ಅವರ ಕಾರಿಗೆ ಇನ್ನೊಂದು ಕಾರು ಪಕ್ಕದಿಂದ ಬಡಿಯಿತು. ಅವರು ಹಿಂದಿನ ಸೀಟಿನಲ್ಲಿದ್ದರು, ಬೆಲ್ಟ್ ಹಾಕಿರಲಿಲ್ಲ. ಹೊರಗೆ ಹೇಳಿಕೊಳ್ಳುವಂಥ ಗಾಯ ಕಾಣುತ್ತಿರಲಿಲ್ಲ. ಚಾಲಕ ಮತ್ತು ಸಹಾಯಕ ತಕ್ಷಣ ಏಮ್ಸ್‌ನ ಟ್ರಾಮಾ ಸೆಂಟರಿಗೆ ಕರೆದೊಯ್ದರು. ತಲುಪುವಾಗ ಉಸಿರಿಲ್ಲ, ನಾಡಿಯಿಲ್ಲ. ವೈದ್ಯರು ಬಹಳ ಹೊತ್ತು ಪ್ರಯತ್ನಿಸಿ 7.20ಕ್ಕೆ ಮರಣ ಘೋಷಿಸಿದರು. ಕುತ್ತಿಗೆಯ ಮೇಲ್ತುದಿಯ ಮೂಳೆಗಳು ಜಾರಿ ಬೆನ್ನುಹುರಿಗೆ ಏಟಾಗಿತ್ತು, ಯಕೃತ್ತಿಗೂ ಪೆಟ್ಟಾಗಿತ್ತು. ಆ ಜಾಗದ ಪೆಟ್ಟಿಗೆ ದೇಶದ ಹೆಸರಾಂತ ಟ್ರಾಮಾ ಕೇಂದ್ರ ಹತ್ತು ನಿಮಿಷದ ದಾರಿಯಲ್ಲಿದ್ದರೂ ಪ್ರಯೋಜನವಿಲ್ಲ. ಅಂದಿನ ಆರೋಗ್ಯ ಸಚಿವ ಹರ್ಷವರ್ಧನ್, ಅವರೂ ವೈದ್ಯರು, ಬೆಲ್ಟ್ ಹಾಕಿದ್ದರೆ ಉಳಿಯುತ್ತಿದ್ದರು ಎಂಬರ್ಥದ ಮಾತನ್ನು ಆಮೇಲೆ ಆಡಿದರು. ಎಂಟು ವರ್ಷದ ನಂತರ, 2022ರ ಸೆಪ್ಟೆಂಬರಿನಲ್ಲಿ, ಉದ್ಯಮಿ ಸೈರಸ್ ಮಿಸ್ತ್ರಿ ಮುಂಬೈ ದಾರಿಯಲ್ಲಿ ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಸತ್ತಾಗ ಇದೇ ಮಾತು ಮತ್ತೆ ಕೇಳಿಬಂತು. ಒಂದು ತಿಂಗಳು ದಂಡ ಹಾಕಿದರು. ಆಮೇಲೆ ಎಲ್ಲ ಮೊದಲಿನ ಹಾಗೇ.

ಕೌಟಿಲ್ಯ ಮಾರ್ಗದ ಕರ್ನಾಟಕ ಭವನದ ಮುಂದೆ ಬೆಳಗಿನ ಜಾವ ನಿಂತು ನೋಡಿದವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. ಬೆಂಗಳೂರಿನ ಮೊದಲ ವಿಮಾನಕ್ಕೆ ಹೊರಟವರು ಟ್ಯಾಕ್ಸಿಗೆ ಬ್ಯಾಗ್ ತುಂಬುತ್ತಿರುತ್ತಾರೆ. ಕೆಲಸಕ್ಕೆ ಬಂದ ಅಧಿಕಾರಿಗಳು, ಸಂಸದರನ್ನು ಕಾಣಲು ಬಂದವರು, ಏಮ್ಸ್‌ನಲ್ಲಿ ಮಗುವಿಗೆ ತೋರಿಸಲು ಬಂದ ದಂಪತಿ. ಸರ್ದಾರ್ ಪಟೇಲ್ ಮಾರ್ಗ ಆ ಹೊತ್ತಿಗೆ ಖಾಲಿ, ಧೌಲಾ ಕುವಾಂವರೆಗೆ ಗಾಡಿ ಹಾರುತ್ತದೆ. ಹಿಂದಿನ ಸೀಟಿನ ಬೆಲ್ಟಿನ ಕೊಂಡಿ ಸೀಟ್ ಕವರಿನ ಅಡಿಯಲ್ಲಿ ಹೂತುಹೋಗಿರುತ್ತದೆ. ನಾನು ಕೇಳಿದಾಗಲೆಲ್ಲ ಚಾಲಕರು ಒಂದೇ ಉತ್ತರ ಕೊಟ್ಟಿದ್ದಾರೆ, ಹಿಂದೆ ಯಾರೂ ಹಾಕುವುದಿಲ್ಲ ಮೇಡಂ ಎಂದು. ಕಾನೂನಿನಲ್ಲಿ ಹಿಂದೆ ಕೂತವರಿಗೂ ಬೆಲ್ಟ್ ಕಡ್ಡಾಯ, ತಪ್ಪಿದರೆ ₹1,000 ದಂಡ. ಆ ಕೊಂಡಿಯನ್ನು ಕವರಿನಿಂದ ಹೊರಗೆ ತರಿಸದ ಕಾನೂನು ನನ್ನ ಕಣ್ಣಿಗೆ ಕಾಗದವೇ.

ಇನ್ನು ಆಸ್ಪತ್ರೆಯ ಒಳಗೆ ಬರುತ್ತೇನೆ. ರಸ್ತೆಯಲ್ಲಿ ಕುತ್ತಿಗೆಯನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ಅದೇ ಕುತ್ತಿಗೆ ಎಲ್ಲರನ್ನೂ ಹೆದರಿಸುತ್ತದೆ. ಈ ಎರಡನೆಯ ತಪ್ಪಿನ ಬಗ್ಗೆ ವೈದ್ಯರು ಹೊರಗೆ ಮಾತಾಡುವುದು ಕಡಿಮೆ. ನಾನು ಮಾತಾಡಬೇಕು.

ಬಹಳ ವರ್ಷದ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಗೆ ಕಟ್ಟಡದಿಂದ ಬಿದ್ದ ಕಾರ್ಮಿಕನನ್ನು ತಂದರು. ತಲೆಗೂ ಪೆಟ್ಟು, ಕುತ್ತಿಗೆಗೂ ಪೆಟ್ಟಿನ ಶಂಕೆ. ಬೆರಳಿಗೆ ಹಾಕಿದ ಮಾಪಕ ರಕ್ತದಲ್ಲಿ ಆಮ್ಲಜನಕ 84 ಎಂದು ತೋರಿಸುತ್ತಿತ್ತು. ಟ್ಯೂಬ್ ಹಾಕಬೇಕಿತ್ತು. ಹಾಕುವಾಗ ಕುತ್ತಿಗೆ ಅಲುಗಿದರೆ, ಕೈಕಾಲು ಹೋದರೆ, ಹೊಣೆ ಯಾರದು ಎಂದು ಚರ್ಚೆ ಶುರುವಾಯಿತು. ಮೊದಲು ಸಿ.ಟಿ. ಆಗಲಿ ಎಂದರು ಹಿರಿಯರು. ನಾನು ಆ ತಂಡದಲ್ಲಿ ಕಿರಿಯಳು. ನನ್ನ ಕೈಯಲ್ಲಿ ಉಪಕರಣ ಇತ್ತು, ಬಾಯಲ್ಲಿ ಮಾತು ಬರಲಿಲ್ಲ. ಸಿ.ಟಿ. ಕೋಣೆಯಲ್ಲಿ ಅವನ ಹೃದಯ ನಿಂತಿತು. ಆಮೇಲೆ ಬಂದ ಚಿತ್ರದಲ್ಲಿ ಕುತ್ತಿಗೆಯ ಏಳೂ ಮೂಳೆ ಸರಿಯಾಗಿದ್ದವು.

ಮುರಿದ ಕುತ್ತಿಗೆಗಿಂತ ಬೇಗ ಕೊಲ್ಲುವುದು ನಿಂತ ಉಸಿರು. ಕುತ್ತಿಗೆ ನಿಜವಾಗಿಯೇ ಮುರಿದಿದ್ದರೂ, ಪೆಟ್ಟಾದ ಬೆನ್ನುಹುರಿಗೆ ಆಮ್ಲಜನಕವೂ ರಕ್ತದೊತ್ತಡವೂ ಇಲ್ಲದಿದ್ದರೆ ಅರ್ಧ ಸತ್ತದ್ದು ಪೂರ್ತಿ ಸಾಯುತ್ತದೆ. ಜಾಗ್ರತೆಯಿಂದ ಟ್ಯೂಬ್ ಹಾಕುವಾಗ ಕುತ್ತಿಗೆ ಅಲುಗಿ ಕೈಕಾಲು ಹೋದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿ ಬಹಳ ವಿರಳ. ನಮ್ಮ ಭಯ ಆ ವಿರಳತೆಗೆ ತಕ್ಕದ್ದಲ್ಲ.

ಉಸಿರನ್ನೂ ಕುತ್ತಿಗೆಯನ್ನೂ ಒಟ್ಟಿಗೆ ಕಾಯುವ ಪಾಠ ಹುಟ್ಟಿದ್ದೂ ಒಂದು ಅಪಘಾತದಿಂದ. 1976ರ ಫೆಬ್ರವರಿಯಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಜೇಮ್ಸ್ ಸ್ಟೈನರ್ ಎಂಬ ಮೂಳೆ ಶಸ್ತ್ರಚಿಕಿತ್ಸಕರು ಓಡಿಸುತ್ತಿದ್ದ ಪುಟ್ಟ ವಿಮಾನ ಹೊಲಕ್ಕೆ ಬಿತ್ತು. ಹೆಂಡತಿ ಅಲ್ಲೇ ಸತ್ತರು. ಮಕ್ಕಳಿಗೆ ತಲೆಗೆ ಪೆಟ್ಟು. ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ ಒಬ್ಬ ಮಗುವನ್ನು ಭುಜ, ಮಂಡಿ ಹಿಡಿದು ಎತ್ತಿಕೊಂಡು ಎಕ್ಸ್‌ರೇಗೆ ಹೋದರು, ಕುತ್ತಿಗೆಯ ಯೋಚನೆ ಯಾರಿಗೂ ಇರಲಿಲ್ಲ. ಗಾಯಗೊಂಡಿದ್ದ ತಂದೆ ಅದನ್ನು ನೋಡುತ್ತಿದ್ದರು. ಆ ಸಂಕಟದಿಂದ ಹುಟ್ಟಿದ ತರಬೇತಿಯೇ ಇಂದು ಜಗತ್ತಿನಾದ್ಯಂತ ವೈದ್ಯರು ಕಲಿಯುವ ಎ.ಟಿ.ಎಲ್.ಎಸ್. ಏಮ್ಸ್‌ನ ಟ್ರಾಮಾ ಸೆಂಟರಿನಲ್ಲೂ ಕಲಿಸುತ್ತಾರೆ. ಅದು ದಶಕಗಳಿಂದ ಹೇಳುತ್ತ ಬಂದ ಪಾಠದ ‘ಎ’ ಅಕ್ಷರಕ್ಕೆ ಅರ್ಥ ಉಸಿರಿನ ದಾರಿ, ಜೊತೆಗೇ ಕುತ್ತಿಗೆಯ ಕಾವಲು. ಆ ‘ಜೊತೆಗೇ’ ಎನ್ನುವುದನ್ನು ನಮ್ಮ ಆಸ್ಪತ್ರೆಗಳಲ್ಲಿ ‘ಆಮೇಲೆ’ ಎಂದು ಓದಿಕೊಳ್ಳುವವರು ಇದ್ದಾರೆ.

ಜೊತೆಗೆ ಮಾಡುವುದು ಹೇಗೆ? ಒಬ್ಬರು ರೋಗಿಯ ತಲೆಯ ಪಕ್ಕ ಬಗ್ಗಿ, ಕಿವಿಯ ಹಿಂದಿನ ಗಟ್ಟಿ ಮೂಳೆಗೆ ಅಂಗೈ ಕೊಟ್ಟು ತಲೆಯನ್ನು ಹಿಡಿಯುತ್ತಾರೆ. ಎಳೆಯುವುದಿಲ್ಲ, ಒತ್ತುವುದಿಲ್ಲ, ಅಲುಗಲು ಬಿಡುವುದಿಲ್ಲ. ಕುತ್ತಿಗೆಯ ಕಾಲರಿನ ಮುಂಭಾಗವನ್ನು ಬಿಚ್ಚುತ್ತಾರೆ, ಕಾಲರ್ ಇದ್ದರೆ ಬಾಯಿ ಸರಿಯಾಗಿ ತೆರೆಯುವುದಿಲ್ಲ. ಇನ್ನೊಬ್ಬರು ಔಷಧಿ ಕೊಡುತ್ತಾರೆ. ಮತ್ತೊಬ್ಬರು ಸಕ್ಷನ್ ಹಿಡಿದು ನಿಲ್ಲುತ್ತಾರೆ, ಬಾಯಿ ತುಂಬ ರಕ್ತ, ವಾಂತಿ ಇರುತ್ತದೆ. ನಾನು ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪ್ ಬಾಯಿಗೆ ಹಾಕುತ್ತೇನೆ. ತಲೆ ಬಾಗಿಸುವಂತಿಲ್ಲವಾದ್ದರಿಂದ ಧ್ವನಿತಂತು ಪೂರ್ತಿ ಕಾಣುವುದಿಲ್ಲ. ಎಷ್ಟೋ ಸಲ ಕಾಣುವುದು ಗಂಟಲಿನ ಮುಚ್ಚಳದ ಅಂಚು ಮಾತ್ರ. ಅದರ ಅಡಿಯಲ್ಲಿ ಬೂಜಿ ಎಂಬ ಬಾಗುವ ಉದ್ದ ಕಡ್ಡಿಯನ್ನು ಕುರುಡಾಗಿ ಜಾರಿಸುತ್ತೇನೆ. ಅದು ಅನ್ನನಾಳಕ್ಕೆ ಹೋದರೆ ನುಣ್ಣಗೆ ಇಳಿದುಬಿಡುತ್ತದೆ. ಶ್ವಾಸನಾಳಕ್ಕೆ ಹೋದರೆ ಅದರ ಉಂಗುರಗಳಿಗೆ ತಾಗಿ ಟಕ್ ಟಕ್ ಎಂದು ಬೆರಳಿಗೆ ಗೊತ್ತಾಗುತ್ತದೆ. ಆ ಟಕ್ ಟಕ್ ಸಿಕ್ಕಾಗ ಆಗುವ ನೆಮ್ಮದಿಯನ್ನು ನಾನು ಇನ್ನಾವುದಕ್ಕೂ ಹೋಲಿಸಲಾರೆ. ಬೂಜಿಯ ಮೇಲೆ ಕೊಳವೆ ಇಳಿಯುತ್ತದೆ, ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡಿನ ಅಲೆ ಪರದೆಯ ಮೇಲೆ ಏಳುತ್ತದೆ. ಅಲೆ ಕಾಣುವವರೆಗೆ ಕೊಳವೆ ಸರಿಯಾದ ಜಾಗದಲ್ಲಿದೆ ಎಂದು ನಾನು ಯಾರ ಮಾತನ್ನೂ ನಂಬುವುದಿಲ್ಲ.

ಇಷ್ಟು ಹೊತ್ತೂ ತಲೆ ಹಿಡಿದವರು ಹಿಡಿದೇ ಇರುತ್ತಾರೆ. ಆ ಕೆಲಸವನ್ನು ಸಾಮಾನ್ಯವಾಗಿ ತಂಡದಲ್ಲಿ ಯಾರಿಗೂ ಬೇಡವಾದವರಿಗೆ, ಆಗ ತಾನೇ ಬಂದ ವಿದ್ಯಾರ್ಥಿಗೆ ಕೊಡುತ್ತಾರೆ. ಅದು ತಪ್ಪು. ಅವರ ಕೈ ಒಂದು ಕ್ಷಣ ಸಡಿಲವಾದರೆ ನನ್ನ ಇಪ್ಪತ್ತೆರಡು ವರ್ಷದ ಅನುಭವಕ್ಕೆ ಬೆಲೆಯಿಲ್ಲ.

ಹಳೆಯ ಲ್ಯಾರಿಂಗೋಸ್ಕೋಪಿನ ಬಾಗಿದ ಅಲಗನ್ನು ಆಕ್ಸ್‌ಫರ್ಡಿನ ರಾಬರ್ಟ್ ಮ್ಯಾಕಿಂಟೋಶ್ 1943ರಲ್ಲಿ ಜಗತ್ತಿಗೆ ಕೊಟ್ಟರು. ಈಗ ಅದೇ ಅಲಗಿನ ತುದಿಗೆ ಪುಟ್ಟ ಕ್ಯಾಮೆರಾ ಬಂದಿದೆ. ವಿಡಿಯೋ ಲ್ಯಾರಿಂಗೋಸ್ಕೋಪ್. ನಾನು ಬಗ್ಗಿ ನೇರ ನೋಡಬೇಕಿಲ್ಲ, ಕ್ಯಾಮೆರಾ ನಾಲಿಗೆಯ ತಿರುವಿನ ಆಚೆಗೆ ಹೋಗಿ ನೋಡುತ್ತದೆ. ತಲೆ ಅಲುಗದಿದ್ದರೂ ದಾರಿ ಪರದೆಯ ಮೇಲೆ ಕಾಣುತ್ತದೆ. 2024ರಲ್ಲಿ ಬ್ರಿಟನ್ನಿನ ವೈದ್ಯ ಸಂಘಟನೆಗಳು ಕುತ್ತಿಗೆಯ ಪೆಟ್ಟಿನವರ ಉಸಿರಿನ ದಾರಿಯ ಬಗ್ಗೆಯೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದವು. ಸಾಧ್ಯವಾದಲ್ಲೆಲ್ಲ ವಿಡಿಯೋ ಲ್ಯಾರಿಂಗೋಸ್ಕೋಪನ್ನೇ ಬಳಸಿ, ದವಡೆ ಎತ್ತಿ, ಕಾಲರಿನ ಮುಂಭಾಗ ತೆಗೆಯಿರಿ ಎಂದು ಅದು ಹೇಳುತ್ತದೆ. ನಮ್ಮಲ್ಲೂ ಕಷ್ಟದ ಉಸಿರಿನ ದಾರಿಗಳ ಬಗ್ಗೆ, ಅದಕ್ಕೆಂದೇ ಇರುವ ಅಖಿಲ ಭಾರತ ಸಂಘದ ಮಾರ್ಗಸೂಚಿ 2016ರಿಂದ ಇದೆ. ಜ್ಞಾನಕ್ಕೆ ಕೊರತೆಯಿಲ್ಲ. ಆದರೆ ಹೆದ್ದಾರಿ ಪಕ್ಕದ ತಾಲ್ಲೂಕು ಆಸ್ಪತ್ರೆಯ ಕ್ಯಾಶುವಲ್ಟಿಗೆ ಹೋಗಿ ವಿಡಿಯೋ ಲ್ಯಾರಿಂಗೋಸ್ಕೋಪ್ ಎಲ್ಲಿದೆ ಎಂದು ಕೇಳಿ ನೋಡಿ. ಇದ್ದರೆ ಅದು ಆಪರೇಷನ್ ಥಿಯೇಟರಿನ ಬೀರುವಿನಲ್ಲಿ ಬೀಗದೊಳಗೆ ಇರುವ ಸಾಧ್ಯತೆಯೇ ಹೆಚ್ಚು. ಭಾರತದಲ್ಲೇ ತಯಾರಾಗುವ ಅಗ್ಗದ ಮಾದರಿಗಳು ಸಿಗುತ್ತವೆ. ಹೊಸ ಕಟ್ಟಡದ ಶಿಲಾನ್ಯಾಸಕ್ಕೆ ಹಾಕುವ ಶಾಮಿಯಾನದ ಹಣದಲ್ಲಿ ಒಂದು ಕ್ಯಾಶುವಲ್ಟಿಗೆ ಒಂದನ್ನು ಕೊಡಿಸಬಹುದು.

ಕಾಲರಿನ ಬಗ್ಗೆಯೂ ಒಂದು ಮಾತು. ಮೆಡಿಕಲ್ ಶಾಪಿನಲ್ಲಿ ಕುತ್ತಿಗೆ ನೋವಿಗೆ ಕೊಡುವ ಮೆತ್ತನೆಯ ಪಟ್ಟಿಯನ್ನು ಅಪಘಾತದವರಿಗೆ ಸುತ್ತಿ, ಕುತ್ತಿಗೆ ಭದ್ರವಾಯಿತು ಎಂದುಕೊಂಡು ತಲೆಯನ್ನು ಬಿಟ್ಟುಬಿಡುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಗಟ್ಟಿ ಕಾಲರ್ ಕೂಡ ಕುತ್ತಿಗೆಯನ್ನು ಪೂರ್ತಿ ನಿಲ್ಲಿಸುವುದಿಲ್ಲ. ಬಿಗಿಯಾಗಿ ಹಾಕಿದರೆ ಕುತ್ತಿಗೆಯ ರಕ್ತನಾಳ ಒತ್ತಿ ತಲೆಯೊಳಗಿನ ಒತ್ತಡ ಏರಿಸುತ್ತದೆ. ಅದು ಒಂದು ನೆರವು, ಅಷ್ಟೆ.

ಇನ್ನೊಂದು ಮಾತು ಹೇಳದೆ ಇರಲಾರೆ. ಕುತ್ತಿಗೆಯ ಪೆಟ್ಟಿನವರಿಗೆ ವೆಂಟಿಲೇಟರ್ ಬೇಕು ಎಂದಾಗ ಮನೆಯ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಾರೆ. ‘ಹೀಗೆ ಮಲಗಿಸೋದಕ್ಕಿಂತ ಹೋಗೋದೇ ಒಳ್ಳೇದಲ್ವೇನಮ್ಮಾ?’ ಆಗ ನಾನು ಚಾಣಕ್ಯಪುರಿಯಿಂದ ದೂರವಲ್ಲದ ವಸಂತ ಕುಂಜದ ಇಂಡಿಯನ್ ಸ್ಪೈನಲ್ ಇಂಜ್ಯುರೀಸ್ ಸೆಂಟರಿನ ಹೆಸರು ಹೇಳುತ್ತೇನೆ. ಅದನ್ನು ಕಟ್ಟಿದವರು ಮೇಜರ್ ಎಚ್.ಪಿ.ಎಸ್. ಅಹ್ಲುವಾಲಿಯಾ. 1965ರ ಮೇ ತಿಂಗಳಲ್ಲಿ ಎವರೆಸ್ಟ್ ಏರಿದರು. ಅದೇ ವರ್ಷದ ಯುದ್ಧದಲ್ಲಿ ಕುತ್ತಿಗೆಗೆ ಗುಂಡು ಬಿತ್ತು. ಉಳಿದ ಬದುಕನ್ನು ಗಾಲಿಕುರ್ಚಿಯಲ್ಲಿ ಕಳೆದರು, ಪುಸ್ತಕ ಬರೆದರು, ಆಸ್ಪತ್ರೆ ಕಟ್ಟಿದರು, 2022ರ ಜನವರಿಯಲ್ಲಿ ತೀರಿಕೊಂಡರು. ಗುಂಡು ಬಿದ್ದ ಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬದುಕಿದರು. ಎಲ್ಲರಿಗೂ ಅವರಂಥ ಆಸರೆ ಸಿಗುವುದಿಲ್ಲ, ನನಗೆ ಅದು ಗೊತ್ತು. ಆದರೆ ಹೋಗುವುದೇ ಒಳ್ಳೆಯದು ಎಂದು ಮೊದಲ ರಾತ್ರಿಯೇ ತೀರ್ಮಾನಿಸುವ ಹಕ್ಕು ನಮಗಿಲ್ಲ.

ಮತ್ತೆ ರಸ್ತೆಗೆ ಬರುತ್ತೇನೆ. ಕಾನೂನು ಈಗ ಬಿದ್ದವರಿಗೆ ನೆರವಾಗುವವರ ಪರವಾಗಿದೆ. ಸುಪ್ರೀಂ ಕೋರ್ಟ್ 2016ರ ಮಾರ್ಚಿನಲ್ಲಿ ಜೀವರಕ್ಷಕರಿಗೆ ಪೊಲೀಸ್ ಕಾಟ ಇರಬಾರದು ಎಂದಿತು. ಮುಂದೆ ಕರ್ನಾಟಕ ಇದಕ್ಕಾಗಿಯೇ ಸ್ವಂತ ಕಾಯ್ದೆ ಮಾಡಿತು, ಅಂಥದ್ದನ್ನು ಮಾಡಿದ ಮೊದಲ ರಾಜ್ಯ ನಮ್ಮದು. 2019ರ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಲ್ಲೂ ಆ ರಕ್ಷಣೆ ಸೇರಿತು. 2025ರಿಂದ ಅಪಘಾತದ ಗಾಯಾಳುಗಳಿಗೆ ಏಳು ದಿನದವರೆಗೆ ₹1.5 ಲಕ್ಷದವರೆಗಿನ ಚಿಕಿತ್ಸೆ ಹಣ ಕಟ್ಟದೆ ಸಿಗಬೇಕೆಂಬ ಯೋಜನೆಯೂ ಬಂದಿದೆ. ಜನರನ್ನು ನೆರವಿಗೆ ಕರೆದಿದ್ದೇವೆ, ಒಳ್ಳೆಯದು. ಕರೆದ ಮೇಲೆ ಕೈ ಎಲ್ಲಿ ಇಡಬೇಕು ಎಂದು ಹೇಳಿಕೊಡುವುದು ಸರ್ಕಾರದ ಕರ್ತವ್ಯವಲ್ಲವೇ?

ಹಾಗಾಗಿ ನನ್ನ ಒತ್ತಾಯ ಸಣ್ಣದು. ಡ್ರೈವಿಂಗ್ ಲೈಸೆನ್ಸ್ ಕೊಡುವ ಮುನ್ನ ಪ್ರತಿಯೊಬ್ಬರಿಗೂ ಹತ್ತು ನಿಮಿಷ ತಲೆ ಹಿಡಿಯುವುದನ್ನೂ ದವಡೆ ಎತ್ತುವುದನ್ನೂ ಗೊಂಬೆಯ ಮೇಲೆ ಮಾಡಿಸಿ. ಸಾರಿಗೆ ನಿಗಮಗಳ ಚಾಲಕ ನಿರ್ವಾಹಕರಿಗೆ, ದೆಹಲಿಯಲ್ಲಿ ಗಾಯಾಳುಗಳನ್ನು ಹೊತ್ತೊಯ್ಯುವ ಪಿ.ಸಿ.ಆರ್. ವ್ಯಾನಿನ ಪೊಲೀಸರಿಗೆ ಇದು ವರ್ಷಕ್ಕೊಮ್ಮೆ ಆಗಬೇಕು. ಮಲೆನಾಡಿನ ಅಡಿಕೆ ಸಹಕಾರ ಸಂಘಗಳು ಕೊನೆಗಾರರಿಗೆ ವಿಮೆ ಮಾಡಿಸುವ ಜೊತೆಗೆ ತೋಟದವರಿಗೆ ಇದನ್ನೂ ಕಲಿಸಲಿ. 108 ಆಂಬುಲೆನ್ಸಿನಲ್ಲಿ ಚಾಲಕನಲ್ಲದೆ ಒಬ್ಬರೇ ಇದ್ದರೆ ತಲೆ ಹಿಡಿಯುವವರು ಯಾರು, ಉಸಿರು ನೋಡುವವರು ಯಾರು? ಅಲ್ಲಿ ಇಬ್ಬರು ಬೇಕು. ಹೆದ್ದಾರಿಯ ಪಕ್ಕದ ಪ್ರತಿ ತಾಲ್ಲೂಕು ಆಸ್ಪತ್ರೆಯ ಕ್ಯಾಶುವಲ್ಟಿಯಲ್ಲೇ, ಬೀಗವಿಲ್ಲದೆ, ವಿಡಿಯೋ ಲ್ಯಾರಿಂಗೋಸ್ಕೋಪ್ ಮತ್ತು ಬೂಜಿ ಇರಬೇಕು.

ಓದುತ್ತಿರುವ ನಿಮಗೆ ಹೇಳುವುದು ಇಷ್ಟು. ಬಿದ್ದವರನ್ನು ಕೂರಿಸಬೇಡಿ, ನೀರು ಕುಡಿಸಬೇಡಿ. ಒಬ್ಬರು ತಲೆಯ ಹಿಂದೆ ಮಂಡಿಯೂರಿ ಎರಡೂ ಕೈಯಲ್ಲಿ ತಲೆಯನ್ನು ಮೈಗೆ ನೇರವಾಗಿ ಹಿಡಿಯಿರಿ. ಉಸಿರಿನಲ್ಲಿ ಗೊರಗೊರ ಕೇಳಿದರೆ ದವಡೆ ಎತ್ತಿ. ಆದರೂ ನಿಲ್ಲದಿದ್ದರೆ, ವಾಂತಿ ಬಂದರೆ, ತಲೆ ಕುತ್ತಿಗೆ ಬೆನ್ನು ಒಂದೇ ಮರದ ದಿಮ್ಮಿಯಂತೆ ಎಲ್ಲರೂ ಸೇರಿ ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ. ಉಸಿರೇ ನಿಂತಿದ್ದರೆ ಕುತ್ತಿಗೆಯ ಹೆದರಿಕೆ ಬಿಟ್ಟು ಎದೆ ಒತ್ತಲು ಶುರು ಮಾಡಿ. 112 ಅಥವಾ 108ಕ್ಕೆ ಇನ್ನೊಬ್ಬರು ಫೋನ್ ಮಾಡಲಿ. ತಲೆ ಹಿಡಿದವರು ಮಾತ್ರ ಆಂಬುಲೆನ್ಸಿನವರು ಬಂದು ತಮ್ಮ ಕೈ ಕೊಡುವವರೆಗೆ ಬಿಡಬೇಡಿ.